ಟ್ರ್ಯಾಪ್ ಬೀಟಿಗೆ ಮೈನರ್ ಸ್ಕೇಲಿನ ಮೆಲೊಡಿ: ಸ್ವರಗಳೆಲ್ಲ ಸರಿಯಿದ್ದರೂ ಭಾವ ಏಕೆ ಬರುತ್ತಿಲ್ಲ?

ಪ್ರಶ್ನೆ: ಡೊಂಬಿವಲಿ ಪೇಟಿ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನನಗೆ ಸಂಗೀತದ ಮೊದಲ ಪರಿಚಯವಾದದ್ದು ನಮ್ಮ ಚಾಳಿನ ಕೆಳಮನೆಯಲ್ಲಿ ಪ್ರತಿ ಶನಿವಾರ ಸೇರುತ್ತಿದ್ದ ಭಜನಾ ಮಂಡಳಿಯ ಹಾರ್ಮೋನಿಯಮ್ಮಿನಿಂದ, ಅಂದರೆ ನಮ್ಮ ಪೇಟಿಯಿಂದ. ಅದನ್ನು ಹತ್ತು ವರ್ಷ ನುಡಿಸಿದ್ದೇನೆ. ಸರಳೆ, ಜಂಟಿ ವರಸೆಗಳವರೆಗೆ ಪಾಠವೂ ಆಗಿದೆ. ಒಂದು ವರ್ಷದಿಂದ ಮನೆಯವರು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಎಫ್‌ಎಲ್ ಸ್ಟುಡಿಯೊ ಎಂಬ ಸಂಗೀತ ತಂತ್ರಾಂಶದಲ್ಲಿ ಟ್ರ್ಯಾಪ್ (ಹಿಪ್‌ಹಾಪಿನ ಒಂದು ಬಗೆ) ಬೀಟ್ ಕಟ್ಟಲು ಪ್ರಯತ್ನಿಸುತ್ತಿದ್ದೇನೆ. ಕನ್ನಡಕ್ಕೆ ಮುಂಬಯಿ ಹಿಂದಿಯನ್ನು ಬೆರೆಸಿ ರ‍್ಯಾಪ್ ಬರೆಯುವ ಗೆಳೆಯನೊಬ್ಬನಿದ್ದಾನೆ. ಅವನ ಮಾತಿಗೆ ನನ್ನ ಬೀಟ್ ಎಂಬುದು ನಮ್ಮ ಒಪ್ಪಂದ.

ಡ್ರಮ್ಮಿನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಿಲ್ಲ. 140 ಬಿಪಿಎಮ್ (ನಿಮಿಷಕ್ಕೆ 140 ಪೆಟ್ಟು) ಇಟ್ಟು, ಸ್ನೇರನ್ನು ಮೂರನೆಯ ಪೆಟ್ಟಿಗೆ ಕೂರಿಸಿ, ಹೈಹ್ಯಾಟನ್ನು ನಡುನಡುವೆ ತಿಶ್ರಕ್ಕೆ ಒಡೆದರೆ ಕೇಳಲು ಟ್ರ್ಯಾಪ್ ಎಂದೇ ಅನಿಸುತ್ತದೆ. ತೊಂದರೆ ಇರುವುದು ಮೆಲೊಡಿಯಲ್ಲಿ. ಟ್ರ್ಯಾಪ್ ಎಂದರೆ ಮೈನರ್ ಸ್ಕೇಲ್ ಎಂದು ಎಲ್ಲೆಡೆ ಓದಿದ್ದರಿಂದ ಎ ಮೈನರನ್ನೇ ಆರಿಸಿಕೊಂಡೆ, ಏಕೆಂದರೆ ಅದರಲ್ಲಿ ಎಲ್ಲವೂ ಬಿಳಿ ಮನೆಗಳೇ. ಕಾರ್ಡುಗಳು ಎ ಮೈನರ್, ಎಫ್, ಸಿ, ಜಿ. ಒಂದೊಂದಕ್ಕೆ ಒಂದೊಂದು ಬಾರ್, ಅಂದರೆ ನಾಲ್ಕು ಪೆಟ್ಟುಗಳ ಒಂದು ಸುತ್ತು. ಅದರ ಮೇಲೆ ಪಿಯಾನೊದಲ್ಲಿ ಎಂಟು ಬಾರುಗಳ ಮೆಲೊಡಿ ಬರೆದೆ. ಸ್ಕೇಲಿನ ಹೊರಗಿನ ಸ್ವರ ಒಂದೂ ಇಲ್ಲ, ಸ್ವರಗಳನ್ನು ಕೋಶಗಳಲ್ಲಿ ತೋರಿಸುವ ಪಿಯಾನೊ ರೋಲಿನಲ್ಲಿ ಎರಡು ಬಾರಿ ಪರೀಕ್ಷಿಸಿದ್ದೇನೆ. ಆದರೂ ಕೇಳಿದರೆ ಅದು ಟೂತ್‌ಪೇಸ್ಟ್ ಜಾಹೀರಾತಿನ ಹಾಡಿನಂತೆ ಉಲ್ಲಾಸವಾಗಿದೆ. ಕೆಲವು ಕಡೆ ನಮ್ಮ ಮಂಡಳಿಯ ಮಂಗಳಾರತಿಯಂತೆಯೂ ಇದೆ. ಗೆಳೆಯನ ಆಕ್ಷೇಪ ಬೇರೆ: "ನೀನೇ ಎಲ್ಲವನ್ನೂ ಹಾಡಿ ಮುಗಿಸಿದ್ದೀಯ, ನಾನು ಎಲ್ಲಿ ನಿಲ್ಲಲಿ?" ಎನ್ನುತ್ತಾನೆ.

ಮೈನರ್ ಸ್ಕೇಲಿನಲ್ಲಿದ್ದೂ ಒಂದು ಮೆಲೊಡಿ ಹೀಗೆ ನಗುಮುಖದಿಂದ ಕೂರುವುದು ಹೇಗೆ? ಹಾರ್ಮೋನಿಕ್ ಮೈನರ್ ಅಥವಾ ಫ್ರಿಜಿಯನ್ ಬಳಸಿದರೆ ಸರಿಯಾಗುತ್ತದೆಯೋ, ಅಥವಾ ನಾನು ಸ್ವರ ಜೋಡಿಸುವ ಕ್ರಮವೇ ತಪ್ಪೋ ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ಮಾಟುಂಗ 140

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಎ ಮೈನರ್, ಎಫ್, ಸಿ, ಜಿ ಎಂಬ ಸಾಲಿನಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದ ಮೂರೂ ಮೇಜರ್ ಕಾರ್ಡುಗಳು, ಮತ್ತು ಆ ಮೂರೂ ಸೇರಿ ಸಿ ಮೇಜರಿನ ಸಂಸಾರವನ್ನು ಪೂರ್ತಿಯಾಗಿ ನಡೆಸಬಲ್ಲವು. ಎ ಮೈನರಿಗೂ ಸಿ ಮೇಜರಿಗೂ ಸ್ವರಗಳು ಒಂದೇ ಆದ್ದರಿಂದ ಪಿಯಾನೊ ರೋಲ್ ನಿಮಗೆ ತಪ್ಪನ್ನು ತೋರಿಸುವುದಿಲ್ಲ. ಕಿವಿ ಮಾತ್ರ ಯಾವ ಸ್ವರ ಮನೆಯಂತೆ ಕೇಳಿಸುತ್ತದೆಯೋ ಅದನ್ನೇ ಷಡ್ಜವೆಂದು ಹಿಡಿದುಕೊಳ್ಳುತ್ತದೆ. ನಿಮ್ಮ ಸಾಲು ಮೂರನೆಯ ಬಾರಿನಲ್ಲಿ ಸಿ ಮೇಲೆ ಹಾಯಾಗಿ ಕುಳಿತು, ನಾಲ್ಕನೆಯ ಬಾರಿನ ಜಿ ಮತ್ತೆ ಅಲ್ಲಿಗೇ ಹೋಗೋಣವೆಂದು ಕರೆಯುತ್ತದೆ. ನೀವು ಬರೆದದ್ದು ಮೈನರ್. ಕೇಳುಗನಿಗೆ ತಲುಪಿದ್ದು ಮೇಜರ್.

ಪರಿಹಾರವಾಗಿ ಮೊದಲು ಸಿ ಮತ್ತು ಜಿ ಎರಡನ್ನೂ ತೆಗೆದುಹಾಕಿ. ಎರಡು ಬಾರು ಎ ಮೈನರಿನಲ್ಲೇ ಇರಿ, ಒಂದು ಬಾರು ಎಫ್, ಒಂದು ಬಾರು ಇ. ಕಾರ್ಡನ್ನು ಪೂರ್ತಿ ನುಡಿಸಲೇಬೇಕೆಂಬ ನಿಯಮವೂ ಇಲ್ಲ. ಅನೇಕ ಟ್ರ್ಯಾಪ್ ಬೀಟುಗಳಲ್ಲಿ ಕಾರ್ಡೇ ಇರುವುದಿಲ್ಲ, ಕೆಳಗೆ 808 ಎಂಬ ಗುಂಯ್‌ಗುಡುವ ಬಾಸ್ ಧ್ವನಿಯ ಒಂದು ಸ್ವರ ಮತ್ತು ಮೇಲೆ ಮೆಲೊಡಿಯ ಒಂದು ಸ್ವರ ಸೇರಿ ಉಳಿದುದನ್ನು ಕೇಳುಗನ ಊಹೆಗೆ ಬಿಡುತ್ತವೆ. ನಿಮ್ಮ ಎ ಅನ್ನು ಷಡ್ಜವೆಂದು ಇಟ್ಟುಕೊಂಡರೆ ಎಫ್ ಎಂಬುದು ಕೋಮಲ ಧೈವತ, ಇ ಎಂಬುದು ಪಂಚಮ. ಇವೆರಡರ ನಡುವೆ ಒಂದೇ ಮನೆಯ ಅಂತರ, ಅದೂ ಕೆಳಮುಖವಾಗಿ. ಈ ಪ್ರಕಾರದಲ್ಲಿ ಕೇಳುವ ಭಯ, ದುಗುಡ, ಕೊರಗುಗಳ ದೊಡ್ಡ ಭಾಗ ಈ ಒಂದು ಮನೆಯ ಜಾರಿನಲ್ಲಿದೆ ಎಂಬುದು ನನ್ನ ಅನುಭವ.

ಎರಡನೆಯದಾಗಿ, ಏಳು ಸ್ವರಗಳನ್ನೂ ಬಳಸಬೇಕಾದ ಋಣ ನಿಮಗಿಲ್ಲ. ಹಾರ್ಮೋನಿಯಂ ಕಲಿತವರ ಬೆರಳು ಮೆಟ್ಟಿಲು ಹತ್ತಿ ಇಳಿಯುತ್ತದೆ, ಏಕೆಂದರೆ ಸರಳೆ ವರಸೆಯ ಅಭ್ಯಾಸವೇ ಹಾಗೆ. ನಿಮ್ಮ ಎಂಟು ಬಾರುಗಳಲ್ಲಿ ಸ್ವರಗಳು ಎಷ್ಟಿವೆ ಎಂದು ಎಣಿಸಿ ನೋಡಿ. ಅರವತ್ತಕ್ಕಿಂತ ಕಡಿಮೆಯಿದ್ದರೆ ನನಗೆ ಆಶ್ಚರ್ಯ. ಮೂರು ಅಥವಾ ನಾಲ್ಕು ಸ್ವರಗಳನ್ನು ಆರಿಸಿಕೊಂಡು ಎರಡು ಬಾರುಗಳ ಒಂದು ತುಣುಕು ಮಾಡಿ. ಅದರಲ್ಲಿ ಎರಡನೆಯ ಬಾರಿನ ಬಹುಭಾಗ ಖಾಲಿ ಇರಲಿ. 140ರ ವೇಗದಲ್ಲಿ ಒಂದು ಬಾರು 1.7 ಸೆಕೆಂಡು ಮಾತ್ರ, ನಾಲ್ಕು ಬಾರು ಏಳು ಸೆಕೆಂಡಿಗೂ ಕಡಿಮೆ. ಮೂರು ನಿಮಿಷದ ಹಾಡಿನಲ್ಲಿ ಆ ತುಣುಕು ಇಪ್ಪತ್ತಕ್ಕೂ ಹೆಚ್ಚು ಬಾರಿ ತಿರುಗಿ ಬರುತ್ತದೆ ಎಂಬುದನ್ನು ನೆನಪಿಡಿ. ಒಮ್ಮೆ ಕೇಳಿದಾಗ ಬಡವಾಗಿ ಕಾಣುವ ತುಣುಕೇ ಇಪ್ಪತ್ತನೆಯ ಸಲವೂ ಸಹ್ಯವಾಗಿರುತ್ತದೆ. ಮೊದಲ ಸಲವೇ ಮೆರೆಯುವ ತುಣುಕು ಐದನೆಯ ಸಲಕ್ಕೆ ತಲೆನೋವು.

ಸ್ವರಗಳನ್ನು ಎಲ್ಲಿ ಕೂರಿಸಬೇಕೆಂಬುದಕ್ಕೆ ನಿಮಗೆ ಬೇರೆ ಪುಸ್ತಕ ಬೇಡ, ಲಯವನ್ನು ಬಾಯಿಯ ಸೊಲ್ಲುಗಳಲ್ಲಿ ಹೇಳುವ ಕೊನ್ನಕ್ಕೋಲು ಸಾಕು. ಬಾರಿನ ಹದಿನಾರು ಕೋಶಗಳನ್ನು ನಾಲ್ಕುನಾಲ್ಕಾಗಿ ತುಂಬಿದರೆ ಅದು ಕವಾಯತು. ಅದರ ಬದಲು ಎಂಟು ಕೋಶಗಳನ್ನು "ತಕಿಟ ತಕಿಟ ತಕ" ಎಂದು ಒಡೆದು, ಪ್ರತಿ ಪದದ ಮೊದಲ ಅಕ್ಷರಕ್ಕೆ ಒಂದು ಸ್ವರ ಇಡಿ. ಅಂದರೆ ಒಂದು, ನಾಲ್ಕು, ಏಳನೆಯ ಕೋಶಗಳಲ್ಲಿ. ಉಳಿದ ಎಂಟು ಕೋಶಗಳನ್ನು ಬಿಟ್ಟುಬಿಡಿ. ಗೆಳೆಯ ನಿಲ್ಲುವ ಜಾಗ ಅದೇ.

ಭಜನಾ ಮಂಡಳಿಯ ಹಿನ್ನೆಲೆಯ ಬಗ್ಗೆ ನಿಮ್ಮ ಬರಹದಲ್ಲಿ ಸ್ವಲ್ಪ ಸಂಕೋಚ ಕಂಡಿತು, ಅದು ಬೇಡ. ಟ್ರ್ಯಾಪ್ ರೂಪುಗೊಂಡ ಅಟ್ಲಾಂಟಾ ನಗರದ ಹೆಸರಾಂತ ನಿರ್ಮಾಪಕರಲ್ಲಿ ಒಬ್ಬರಾದ ಜೇಟೋವನ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾ ಬಂದವರು. ಮಾದಕ ವಸ್ತು ಮಾರುವ ಮನೆಗೆ ಅಲ್ಲಿಯ ಆಡುಮಾತಿನಲ್ಲಿ ಇರುವ ಹೆಸರೇ ಟ್ರ್ಯಾಪ್. ಅಂಥ ಬೀದಿಯ ಬದುಕನ್ನು ಹೇಳುವ ಸಂಗೀತಕ್ಕೆ ಚರ್ಚಿನ ಬೆರಳು ಒದಗಿಬಂದಿರುವಾಗ ಚಾಳಿನ ಪೇಟಿ ಒದಗದೆ ಇರುತ್ತದೆಯೆ?

ಉತ್ತರ: ಪುಣೆಯ ತಂಬೂರಿ

ನಾನು ಬೀಟ್ ಮಾಡುವವಳಲ್ಲ. ಮೈಸೂರಿನಲ್ಲಿ ವೀಣೆ ಕಲಿತು, ಮದುವೆಯ ನಂತರ ಪುಣೆಗೆ ಬಂದು, ಮೂವತ್ತು ವರ್ಷಗಳಿಂದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೇನೆ. ನನ್ನ ಮಗ ಇಂಥ ಬೀಟುಗಳನ್ನು ಮಾಡುತ್ತಾನೆ. ಬಾಗಿಲ ಆಚೆಯಿಂದ ಕೇಳಿ ಕೇಳಿ ನನಗೂ ಕೆಲವು ಅಭಿಪ್ರಾಯಗಳು ಹುಟ್ಟಿಕೊಂಡಿವೆ.

ನೀವು ಹೇಳುವ ನ್ಯಾಚುರಲ್ ಮೈನರಿನ ಸ್ವರಗಳು ನಮ್ಮ ಕರ್ನಾಟಕ ಸಂಗೀತದ ಇಪ್ಪತ್ತನೆಯ ಮೇಳವಾದ (ಮೂಲ ಸ್ವರಕ್ರಮ) ನಟಭೈರವಿಯವು; ಹಿಂದೂಸ್ತಾನಿಯಲ್ಲಿ ಆಸಾವರಿ ಥಾಟ್. ನಿಷಾದವೊಂದನ್ನು ಕೈಶಿಕಿಯಿಂದ ಕಾಕಲಿಗೆ ಏರಿಸಿದರೆ ಇಪ್ಪತ್ತೊಂದನೆಯ ಕೀರವಾಣಿ, ಅದೇ ನಿಮ್ಮ ಹಾರ್ಮೋನಿಕ್ ಮೈನರ್. ನಟಭೈರವಿಯ ರಿಷಭವನ್ನು ಕೋಮಲ ಮಾಡಿದರೆ ಹನುಮತೋಡಿಯ ಸ್ವರಗಳಾಗುತ್ತವೆ, ಅದು ಫ್ರಿಜಿಯನ್. ಉತ್ತರದವರಿಗೆ ಭೈರವಿ ಥಾಟ್. ಹೀಗೆ ಹೆಸರುಗಳನ್ನು ಸರಿಹೊಂದಿಸುವುದು ಸುಲಭ. ಆದರೆ ಸ್ಕೇಲ್ ರಾಗವಲ್ಲ. ತೋಡಿಯ ಗಾಂಧಾರವನ್ನು ಪಿಯಾನೊದ ಒಂದು ಮನೆಯಲ್ಲಿ ಕೂರಿಸಿ ಇದು ತೋಡಿ ಎಂದರೆ ನನ್ನ ಗುರುಗಳು ಊಟ ಬಿಡುತ್ತಿದ್ದರು. ನೀವು ರಾಗ ಮಾಡುತ್ತಿಲ್ಲವಾದ್ದರಿಂದ ಆ ಭಾರ ನಿಮಗೆ ಬೇಡ. ರಾಗದಿಂದ ಎರಡು ಉಪಾಯಗಳನ್ನು ಮಾತ್ರ ತೆಗೆದುಕೊಳ್ಳಿ.

ಒಂದು, ನ್ಯಾಸ. ಯಾವ ಸ್ವರದ ಮೇಲೆ ಪದೇಪದೇ ಬಂದು ನಿಲ್ಲುತ್ತೀರಿ ಎಂಬುದೇ ಭಾವವನ್ನು ನಿರ್ಧರಿಸುತ್ತದೆ. ಇವೇ ಸ್ವರಗಳಲ್ಲಿ ಗಾಂಧಾರದ ಮೇಲೆ ನಿಂತರೆ ನಿಮಗಾದ ಹಾಗೆ ಮುಖದಲ್ಲಿ ನಗು ಬರುತ್ತದೆ, ಏಕೆಂದರೆ ಆ ಗಾಂಧಾರವೇ ನಿಮ್ಮ ಸಿ. ಪಂಚಮದ ಮೇಲೆ ನಿಂತು ಆಗಾಗ ಧೈವತವನ್ನು ಮುಟ್ಟಿ ಹಿಂದಿರುಗಿದರೆ ಏನೋ ಹೇಳಲು ಬಂದು ಹೇಳದೆ ಹೋದಂತಿರುತ್ತದೆ. ಇನ್ನೊಂದು, ಸ್ವರವನ್ನು ಬಿಡುವುದು. ರಿಷಭ, ಪಂಚಮಗಳನ್ನು ಬಿಟ್ಟು ಸ, ಗ, ಮ, ದ, ನಿ ಎಂಬ ಐದನ್ನೇ ಉಳಿಸಿಕೊಂಡರೆ ನಮ್ಮ ಹಿಂದೋಳ, ಹಿಂದೂಸ್ತಾನಿಯ ಮಾಲಕಂಸ್, ಇವುಗಳ ಸ್ವರಸಮೂಹ ದೊರೆಯುತ್ತದೆ. ಪಂಚಮವೇ ಇಲ್ಲದಿರುವುದರಿಂದ ಅಲ್ಲಿ ಒಂದು ಬಗೆಯ ಆಳ, ಒಂಟಿತನ ತಾನಾಗಿ ಬರುತ್ತದೆ. ನನ್ನ ಮಗನ ಬೀಟುಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಅವನಿಗೆ ಇನ್ನೂ ಹೇಳಿಲ್ಲ.

ಈಗ ನಾನು ಮುಖ್ಯವೆಂದು ತಿಳಿದಿರುವ ವಿಷಯಕ್ಕೆ ಬರುತ್ತೇನೆ. ಪೇಟಿಯಲ್ಲಿ ಬೆಳೆದ ನಿಮ್ಮ ಕಿವಿ, ವೀಣೆಯಲ್ಲಿ ಬೆಳೆದ ನನ್ನ ಕಿವಿ, ಎರಡೂ ಷಡ್ಜವನ್ನು ಕದಲಿಸಲು ಒಪ್ಪುವುದಿಲ್ಲ. 1953ರಲ್ಲಿ ಭೀಮಸೇನ ಜೋಶಿಯವರು ತಮ್ಮ ಗುರುಗಳ ನೆನಪಿಗೆ ಇಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವಕ್ಕೆ ನಾನು ತಪ್ಪದೆ ಹೋಗುತ್ತೇನೆ. ಅಲ್ಲಿ ಗಾಯಕರು ಎಲ್ಲಿಗೆ ಅಲೆದರೂ ಬೆನ್ನ ಹಿಂದಿನ ಎರಡು ತಂಬೂರಿಗಳು ಅಲುಗುವುದಿಲ್ಲ. ಹಾಗಾಗಿ ಗಾಂಧಾರ ಯಾವಾಗಲೂ ಗಾಂಧಾರವೇ. ನಿಮ್ಮ ಟ್ರ್ಯಾಪಿನಲ್ಲಿ ತಂಬೂರಿಯ ಜಾಗದಲ್ಲಿ 808 ಇದೆ, ಮತ್ತು ಅದು ಒಂದೆಡೆ ನಿಲ್ಲದೆ ನಡೆಯುತ್ತದೆ. ಮೇಲೆ ಅದೇ ಗಾಂಧಾರವನ್ನು ನೀವು ಹಿಡಿದಿರುವಾಗ ಕೆಳಗೆ ಅದು ಷಡ್ಜದಲ್ಲಿದ್ದರೆ ನಮಗೆ ಗಾಂಧಾರವೇ ಕೇಳಿಸುತ್ತದೆ. ಅದು ಮಂದ್ರ ಧೈವತಕ್ಕೆ ಇಳಿದ ಕ್ಷಣ ನಿಮ್ಮ ಗಾಂಧಾರ ಆ ಧೈವತಕ್ಕೆ ಪಂಚಮವಾಗಿ ನಿಶ್ಚಿಂತೆಯಿಂದ ನಿಲ್ಲುತ್ತದೆ. ಅದು ಪಂಚಮಕ್ಕೆ ಹೋದರೆ ಅದೇ ಗಾಂಧಾರ ಅದರ ಕೋಮಲ ಧೈವತವಾಗಿ ಚುಚ್ಚುತ್ತದೆ. ಮೇಲಿನ ಸ್ವರ ಬದಲಾಗಲಿಲ್ಲ, ಕೆಳಗಿನ ನೆಲ ಬದಲಾಯಿತು. ನಾವು ಇದನ್ನು ಗ್ರಹಭೇದವೆಂದು ದೊಡ್ಡ ವಿದ್ಯೆಯಾಗಿ ಕಲಿಸುತ್ತೇವೆ. ನಿಮ್ಮವರು ನಾಲ್ಕು ಬಾರುಗಳಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುತ್ತಾರೆ. ಆದ್ದರಿಂದ ಮೆಲೊಡಿಯನ್ನು ಓಡಿಸಬೇಡಿ. ಮೇಲೆ ಮೂರು ಸ್ವರಗಳನ್ನು ಹಾಗೆಯೇ ಪುನರಾವರ್ತಿಸುತ್ತಾ ಕೆಳಗಿನದನ್ನು ಮಾತ್ರ ನಡೆಸಿ ನೋಡಿ.

ಇನ್ನೊಂದು ಮಾತು. ಮೌಸ್ ಹಿಡಿದು ಸ್ವರ ಹುಡುಕಬೇಡಿ. ಡ್ರಮ್ ಮತ್ತು 808 ತಿರುಗುತ್ತಿರಲಿ, ನೀವು ಬಾಯಿಯಲ್ಲಿ ಗುನುಗಿ ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ, ಆಮೇಲೆ ಪೇಟಿಯಲ್ಲಿ ಸ್ವರ ಗುರುತಿಸಿ. ಉಸಿರು ಮುಗಿದಲ್ಲಿ ಬಾಯಿ ತಾನಾಗಿ ನಿಲ್ಲುತ್ತದೆ. ಬೆರಳಿಗೆ ಆ ಮರ್ಯಾದೆಯಿಲ್ಲ.

ಉತ್ತರ: ಕುರ್ಲಾ ಈಸ್ಟ್

ಇಷ್ಟೆಲ್ಲ ಮೇಳ, ಥಾಟ್ ಬೇಕೆ? ಪಿಯಾನೊ ರೋಲಿನಲ್ಲಿ ಸ್ಕೇಲ್ ಗುರುತು ಹಾಕಿಕೊಂಡು ಕೈಗೆ ಬಂದಂತೆ ಒತ್ತುತ್ತಾ ಹೋದರೆ ಹತ್ತರಲ್ಲಿ ಒಂದಾದರೂ ಚೆನ್ನಾಗಿ ಬರುತ್ತದೆ. ನಾನು ಹಾಗೆಯೇ ಮಾಡುವುದು. ಸಿದ್ಧ ಲೂಪುಗಳೂ ರಾಶಿ ಸಿಗುತ್ತವೆ.

ಉತ್ತರ: ಮಾಟುಂಗ 140

ಬರುತ್ತದೆ, ಸುಳ್ಳಲ್ಲ. ಆದರೆ ಬಂದ ಆ ಒಂದು ಏಕೆ ಚೆನ್ನಾಗಿದೆ ಎಂದು ತಿಳಿಯದಿದ್ದರೆ ಗೆಳೆಯ "ಇದನ್ನೇ ಇನ್ನಷ್ಟು ಕತ್ತಲಾಗಿ ಮಾಡು" ಎಂದಾಗ ಕೈ ನಿಲ್ಲುತ್ತದೆ. ಸಿದ್ಧ ಲೂಪುಗಳಿಗೆ ನನ್ನ ವಿರೋಧವಿಲ್ಲ, ಪರವಾನಗಿಯ ಷರತ್ತುಗಳನ್ನು ಓದಿಕೊಂಡು ಬಳಸಿ. ಇಲ್ಲಿ ಕೇಳಿರುವುದು ಸ್ವಂತ ಮೆಲೊಡಿಯ ಬಗ್ಗೆಯಾದ್ದರಿಂದ ಅದರಲ್ಲಿಯೇ ಇರೋಣ.

ಪ್ರಶ್ನೆ ಕೇಳಿದವರ ಮರುಬರಹ: ಡೊಂಬಿವಲಿ ಪೇಟಿ

ನಿಮ್ಮೆಲ್ಲರ ಸಲಹೆಗಳನ್ನು ಹಿಡಿದು ಮೂರು ರಾತ್ರಿ ಕುಳಿತೆ. ಎಣಿಸಿದಾಗ ಹಳೆಯ ಮೆಲೊಡಿಯಲ್ಲಿ ಎಪ್ಪತ್ತೊಂದು ಸ್ವರಗಳಿದ್ದವು, ನಾಚಿಕೆಯಾಯಿತು. ಅಮ್ಮ ಹೇಳಿದಂತೆ ಗುನುಗಿ ಹಿಡಿದುಕೊಂಡೆ (ಪುಣೆಯವರನ್ನು ಅಮ್ಮ ಎಂದರೆ ಅಡ್ಡಿಯಿಲ್ಲವೆಂದು ಭಾವಿಸಿದ್ದೇನೆ). ಗುನುಗಿದ್ದು ಕೇವಲ ಮೂರು ಸ್ವರ: ಗಾಂಧಾರ, ರಿಷಭ, ಷಡ್ಜ. ಅದನ್ನು ತಕಿಟ ತಕಿಟ ತಕ ಲೆಕ್ಕದಲ್ಲಿ ಮೊದಲ ಬಾರಿನಲ್ಲಿ ಕೂರಿಸಿದೆ. ಎರಡನೆಯ ಬಾರು ಖಾಲಿ, ಅದರ ಕೊನೆಯಲ್ಲಿ ಮಾತ್ರ ಪಂಚಮದಿಂದ ಧೈವತಕ್ಕೆ ಒಂದು ಇಣುಕು. ಮೂರನೆಯ ಬಾರಿನಲ್ಲಿ ಮೊದಲನೆಯದರ ಮೂರು ಸ್ವರಗಳೇ ಮರಳಿ ಬರುತ್ತವೆ, ಆದರೆ ಕೆಳಗೆ 808 ಮಂದ್ರ ಧೈವತಕ್ಕೆ ಇಳಿದಿದೆ. ನಾಲ್ಕನೆಯ ಬಾರಿನಲ್ಲಿ 808 ಪಂಚಮದಲ್ಲಿದೆ, ಮೇಲೆ ಕೀರವಾಣಿಯ ಕಾಕಲಿ ನಿಷಾದವನ್ನು ಒಂದೇ ಒಂದು ಸಲ ಇಟ್ಟಿದ್ದೇನೆ. ಮೂರನೆಯ ಬಾರಿನಲ್ಲಿ ನೆಲ ಜಾರಿದಾಗ ನನ್ನದೇ ಮೆಲೊಡಿ ನನಗೆ ಹೊಸದಾಗಿ ಕೇಳಿಸಿತು.

ಎರಡು ತೊಂದರೆಗಳು ಉಳಿದಿವೆ. ನಾಲ್ಕನೆಯ ಬಾರಿನಲ್ಲಿ ಕಾಕಲಿ ನಿಷಾದ ಬಂದಾಗ ಏನೋ ತಿಕ್ಕಾಟ ಕೇಳಿಸುತ್ತದೆ. ಹಿನ್ನೆಲೆಯಲ್ಲಿ ತೆಳುವಾಗಿ ಸ್ಟ್ರಿಂಗ್ಸ್ ಇವೆ, ಅವು ಷಡ್ಜ, ಗಾಂಧಾರ, ಪಂಚಮ, ಕೈಶಿಕಿ ನಿಷಾದಗಳನ್ನು ನಾಲ್ಕೂ ಬಾರು ಹಿಡಿದಿರುತ್ತವೆ. ಇನ್ನೊಂದು, ಹೆಡ್‌ಫೋನಿನಲ್ಲಿ 808 ಎದೆ ನಡುಗಿಸುತ್ತದೆ, ಅದೇ ಹಾಡನ್ನು ಗೆಳೆಯನ ಮೊಬೈಲಿನಲ್ಲಿ ಹಾಕಿದರೆ ಅದು ಇದ್ದ ಗುರುತೇ ಇಲ್ಲ. ನೆಲವೇ ಕಾಣದಿದ್ದರೆ ನೆಲ ಜಾರಿದ್ದು ಯಾರಿಗೆ ತಿಳಿದೀತು?

ಉತ್ತರ: ವಾಸ್ಕೊ ಮಂದ್ರ

ಗೋವಾದ ವಾಸ್ಕೊದಲ್ಲಿ ನೆಲೆಸಿರುವ ಹುಬ್ಬಳ್ಳಿಯವನು ನಾನು. ಮದುವೆ, ಬೀಚ್ ಪಾರ್ಟಿಗಳಿಗೆ ಸೌಂಡ್ ಹಾಕುವುದು ಕಸುಬು, ಹಾಗಾಗಿ ಎರಡನೆಯ ತೊಂದರೆಯ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ 808 ಯಾವ ಸ್ಥಾಯಿಯಲ್ಲಿದೆ ಎಂದು ಮೊದಲು ನೋಡಿ. ಎದೆ ನಡುಗುತ್ತದೆ ಎಂಬ ಮಾತಿನಿಂದ, ನೀವು ಅದನ್ನು ತೀರ ಕೆಳಗಿನ ಎ ಮೇಲೆ ಇಟ್ಟಿದ್ದೀರಿ ಎಂದು ಊಹಿಸುತ್ತೇನೆ. ಆ ಎ ಎಂದರೆ 27.5 ಹರ್ಟ್ಸ್, ಅಲ್ಲಿಂದ ಧೈವತಕ್ಕೆ ಇಳಿದರೆ 22ರ ಹತ್ತಿರ, ಪಂಚಮಕ್ಕೆ ಇಳಿದರೆ 20.6. ಮನುಷ್ಯನ ಕಿವಿಯ ಕೆಳ ಅಂಚು ಸುಮಾರು 20 ಹರ್ಟ್ಸ್ ಎಂದು ಹೇಳುವುದು ರೂಢಿ. ಅಷ್ಟು ಕೆಳಗೆ ಅದುರುವಿಕೆ ತಿಳಿಯುತ್ತದೆಯೇ ಹೊರತು ಸ್ವರ ತಿಳಿಯುವುದಿಲ್ಲ. ಪೂರ್ತಿ 808 ಸಾಲನ್ನು ಒಂದು ಸ್ಥಾಯಿ ಮೇಲೆತ್ತಿ. ಆಗ ಷಡ್ಜ 55, ಧೈವತ 43.7, ಪಂಚಮ 41.2 ಹರ್ಟ್ಸಿನಲ್ಲಿ ಬರುತ್ತವೆ. ಗಣೇಶ ಚೌತಿಯ ಮೆರವಣಿಗೆಯಲ್ಲಿ ಹೊರುವಂಥ ದೊಡ್ಡ ಪೆಟ್ಟಿಗೆಗಳು ಚೆನ್ನಾಗಿ ಹೊಡೆಯುವ ಜಾಗ ಇದೇ. ಎಫ್, ಎಫ್ ಶಾರ್ಪ್, ಜಿ ಮೈನರುಗಳನ್ನು ಬೀಟ್ ಮಾಡುವವರು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ: ಅಲ್ಲಿ 808ರ ಷಡ್ಜವೇ 43ರಿಂದ 49ರ ನಡುವೆ ಬಂದು ಕೂರುತ್ತದೆ. ನಿಮ್ಮ ಗೆಳೆಯನ ಕಂಠಕ್ಕೆ ಎ ಹೊಂದದಿದ್ದರೆ ಎಲ್ಲವನ್ನೂ ಎಫ್‌ಗೆ, ಅಂದರೆ ನಮ್ಮ ಪೇಟಿಯ ಭಾಷೆಯಲ್ಲಿ ಬಿಳಿ ನಾಲ್ಕಕ್ಕೆ, ಇಳಿಸಿ ನೋಡಬಹುದು. ಆಗ ಧೈವತ, ಪಂಚಮಗಳನ್ನು ಷಡ್ಜದ ಕೆಳಗೆ ಇಡದೆ ಮೇಲೆ ಇಡಬೇಕಾಗುತ್ತದೆ.

ಮೊಬೈಲಿನ ಸಂಗತಿ ಬೇರೆ. ಅದರ ಪುಟ್ಟ ಸ್ಪೀಕರಿನಿಂದ 55 ಹರ್ಟ್ಸ್ ಕೂಡ ಹೊರಡುವುದಿಲ್ಲ. 808ಕ್ಕೆ ಸ್ವಲ್ಪ ಸ್ಯಾಚುರೇಷನ್ (ಧ್ವನಿಯನ್ನು ತುಸು ಒರಟಾಗಿಸುವ ಎಫೆಕ್ಟ್) ಕೊಡಿ. ಆಗ 110, 165, 220 ಹೀಗೆ ಮೂಲದ ಗುಣಕಗಳಲ್ಲಿ ಹೊಸ ಅಂಶಗಳು ಹುಟ್ಟುತ್ತವೆ, ಅವುಗಳನ್ನು ಕೇಳಿ ಕಿವಿಯೇ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ.

ಬಹಳ ಜನ ಮರೆಯುವ ಮಾತೊಂದಿದೆ. 808ರ ಧ್ವನಿತುಣುಕಿನ ಹೆಸರಿನಲ್ಲಿ ಸಿ ಎಂದು ಬರೆದಿದ್ದ ಮಾತ್ರಕ್ಕೆ ಅದು ಸಿ ಆಗಿರಬೇಕಿಲ್ಲ. ಜಪಾನಿನ ರೋಲಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಯಂತ್ರದ ಕಿಕ್ ಡ್ರಮ್ಮು ಸ್ವರ ನುಡಿಸಲೆಂದು ಮಾಡಿದ್ದಲ್ಲ, ಅದರ ಉದ್ದನೆಯ ಗುಂಯ್‌ಗುಡುವಿಕೆಯನ್ನು ಹಿಡಿದು ಬಾಸ್ ಆಗಿ ಬಳಸಿಕೊಂಡದ್ದು ನಂತರದವರ ಜಾಣತನ. ಎರಡು ಸ್ಥಾಯಿ ಮೇಲೆತ್ತಿ ಪಿಯಾನೊ ಜೊತೆ ನುಡಿಸಿ. ಕೆಳಗೆ ಕೇಳಿಸದ ಅಪಶ್ರುತಿ ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಸರಿಪಡಿಸಿಕೊಂಡು ಮತ್ತೆ ಇಳಿಸಿ. ಮೆಲೊಡಿಯೇ ತಪ್ಪೆಂದು ತಿಂಗಳುಗಟ್ಟಲೆ ತಿದ್ದಿದವರು ನನಗೆ ಗೊತ್ತು, ತಪ್ಪಿದ್ದದ್ದು 808ರ ಶ್ರುತಿ.

ಫ್ರಿಜಿಯನ್ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲವಾದ್ದರಿಂದ ಒಂದು ಮಾತು. ಈ ಕಡಲತೀರದಲ್ಲಿ 1990ರ ದಶಕದಲ್ಲಿ ಹೆಸರು ಮಾಡಿದ ಗೋವಾ ಟ್ರಾನ್ಸಿನಲ್ಲಿ ಕೋಮಲ ರಿಷಭದ ಬಳಕೆ ಧಾರಾಳ. ಷಡ್ಜದ ನೆತ್ತಿಯ ಮೇಲೆಯೇ ಕುಳಿತ ಆ ಸ್ವರ ಬೆದರಿಕೆಯಂತೆ ಕೇಳಿಸುತ್ತದೆ. ಟ್ರ್ಯಾಪಿನಲ್ಲಿ ಅದನ್ನು ಮೆಲೊಡಿಯಲ್ಲಿ ಇಡುವುದಕ್ಕಿಂತ 808ರಲ್ಲಿ, ಬಾರಿನ ಕೊನೆಯ ಎರಡು ಕೋಶಗಳಲ್ಲಿ ಇಟ್ಟು, ಅಲ್ಲಿಂದ ಷಡ್ಜಕ್ಕೆ ಸ್ಲೈಡ್ ಮಾಡುವುದು ನನಗೆ ಮೆಚ್ಚುಗೆ. ಪುಣೆಯವರು ಇದನ್ನು ಜಾರು ಎಂದಾರು.

ಉತ್ತರ: ಮಾಟುಂಗ 140

ತಿಕ್ಕಾಟದ ಕಾರಣ ನೀವು ಬರೆದ ವಾಕ್ಯದಲ್ಲಿಯೇ ಇದೆ. ಸ್ಟ್ರಿಂಗ್ಸ್ ಕೈಶಿಕಿ ನಿಷಾದವನ್ನು ಹಿಡಿದಿರುವಾಗ ಮೆಲೊಡಿ ಕಾಕಲಿ ನಿಷಾದವನ್ನು ನುಡಿಸುತ್ತಿದೆ. ಪಕ್ಕಪಕ್ಕದ ಎರಡು ಮನೆಗಳು ಒಟ್ಟಿಗೆ ಒತ್ತಿದಂತಾಯಿತು. ಮೇಲಾಗಿ ಅದೇ ಬಾರಿನಲ್ಲಿ ಸ್ಟ್ರಿಂಗ್ಸಿನ ಗಾಂಧಾರ 808ರ ಪಂಚಮಕ್ಕೆ ಚುಚ್ಚುತ್ತಿದೆ. ಅಮ್ಮ ಹೇಳಿದ ಗಾಂಧಾರವೇ ಅದು. ನಾಲ್ಕನೆಯ ಬಾರಿನಲ್ಲಿ ಸ್ಟ್ರಿಂಗ್ಸನ್ನು ಪೂರ್ತಿ ನಿಲ್ಲಿಸಿಬಿಡಿ. ಒಂದು ಬಾರಿನ ಮೌನದಿಂದ ಮೊದಲನೆಯ ಬಾರಿನ ಮರಳುವಿಕೆಗೂ ತೂಕ ಬರುತ್ತದೆ. ಎಫ್‌ಎಲ್ ಸ್ಟುಡಿಯೊದ ಪಿಯಾನೊ ರೋಲಿನಲ್ಲಿ ಘೋಸ್ಟ್ ನೋಟ್ಸ್ ತೆರೆದಿಟ್ಟುಕೊಂಡರೆ ಅದೇ ಪ್ಯಾಟರ್ನಿನ ಇತರ ವಾದ್ಯಗಳ ಸ್ವರಗಳು ಮಸುಕಾಗಿ ಕಾಣುತ್ತವೆ, ಇಂಥ ಘರ್ಷಣೆ ಕಣ್ಣಿಗೇ ಬೀಳುತ್ತದೆ.

ಕಾಕಲಿ ನಿಷಾದದಲ್ಲಿ ಜಿಪುಣತನ ಇರಲಿ. ನಾಲ್ಕು ಬಾರುಗಳಿಗೊಮ್ಮೆ ಅದು ಷಡ್ಜಕ್ಕೆ ಎಳೆದೊಯ್ಯುವ ಕೊಕ್ಕೆ. ಧೈವತದಿಂದ ನೇರವಾಗಿ ಅದಕ್ಕೆ ಹಾರಿ ಹಾರಿ ಬಳಸಿದರೆ ಮರುಭೂಮಿ, ಒಂಟೆ, ಹಾವಾಡಿಗನ ದೃಶ್ಯಗಳು ಕಣ್ಣ ಮುಂದೆ ಬಂದುಬಿಡುತ್ತವೆ, ಗೆಳೆಯನ ಮುಂಬಯಿ ಸಾಹಿತ್ಯಕ್ಕೆ ಅದು ಹೊಂದದು.

ಉತ್ತರ: ಪುಣೆಯ ತಂಬೂರಿ

ಅಮ್ಮ ಎಂದದ್ದಕ್ಕೆ ಅಡ್ಡಿಯಿಲ್ಲ. ನಿಮ್ಮ ಮೂರನೆಯ ಬಾರನ್ನು ಪೇಟಿಯಲ್ಲಿ ನುಡಿಸಿ ನೋಡಿದೆ. ಕೆಳಗೆ ಮಂದ್ರ ಧೈವತ ಇರುವಾಗ ಮೇಲಿನ ಗಾಂಧಾರ ಮತ್ತು ಷಡ್ಜ ಎರಡೂ ಹಿತವಾಗಿವೆ, ನಡುವಿನ ರಿಷಭ ಮಾತ್ರ ಆ ಧೈವತಕ್ಕೆ ಪ್ರತಿಮಧ್ಯಮವಾಗುವುದರಿಂದ ಕಟುವಾಗಿದೆ. ಅದನ್ನು ತೆಗೆಯಬೇಡಿ, ಇಡೀ ಸಾಲಿನ ಜೀವ ಅಲ್ಲಿದೆ. ಆದರೆ ಅಲ್ಲಿ ಮೂರು ಕೋಶ ನಿಲ್ಲಬೇಡಿ. ಮುಟ್ಟಿ ಬಿಟ್ಟು ಷಡ್ಜಕ್ಕಾಗಿ ಕಾಯಿರಿ.

ನನ್ನ ಮಗನಿಗೆ ಈ ಚರ್ಚೆಯನ್ನು ತೋರಿಸಿದೆ. ಹಿಂದೋಳದ ಮಾತನ್ನು ಓದಿ "ಮೊದಲೇ ಹೇಳಬಾರದಿತ್ತೆ" ಎಂದ.

ಪ್ರಶ್ನೆ ಕೇಳಿದವರ ಮರುಬರಹ: ಡೊಂಬಿವಲಿ ಪೇಟಿ

ವಾಸ್ಕೊದವರ ಊಹೆ ಸರಿ, 808 ಇದ್ದದ್ದು 27.5ರಲ್ಲಿಯೇ. ಒಂದು ಸ್ಥಾಯಿ ಏರಿಸಿ, ಶ್ರುತಿ ನೋಡಿದರೆ ಅದು ಎ ಗಿಂತ ಕೂದಲೆಳೆಯಷ್ಟು ಕೆಳಗಿತ್ತು, ಅದನ್ನೂ ಸರಿಮಾಡಿದೆ. ಮೂರನೆಯ ಬಾರಿನ ರಿಷಭ ಈಗ ಒಂದೇ ಕೋಶ. ನಾಲ್ಕನೆಯ ಬಾರಿನಲ್ಲಿ ಸ್ಟ್ರಿಂಗ್ಸ್ ಇಲ್ಲ, ಮೆಲೊಡಿಯ ಒಂದು ನಿಷಾದ ಮತ್ತು ಕೆಳಗೆ ಪಂಚಮ, ಅಷ್ಟೆ. ಬೆಳಿಗ್ಗೆ 8ರ ಲೋಕಲಿನಲ್ಲಿ ಬಾಗಿಲ ಬಳಿ ನಿಂತು ಗೆಳೆಯನಿಗೆ ಮೊಬೈಲಿನಲ್ಲೇ ಕೇಳಿಸಿದೆ. ಎರಡನೆಯ ಬಾರಿನ ಖಾಲಿಯಲ್ಲಿ ಅವನು ಬಾಯಿ ಹಾಕತೊಡಗಿದಾಗ ಗಾಡಿ ಠಾಣೆ ದಾಟಿರಲಿಲ್ಲ. ಘಾಟ್ಕೋಪರಿನಲ್ಲಿ ಜನ ತಳ್ಳಿಕೊಂಡು ಇಳಿಯುವ ಹೊತ್ತಿಗೆ ನಾಲ್ಕು ಸಾಲು ಆಗಿತ್ತು. ನಾಲ್ಕನೆಯ ಬಾರಿನಲ್ಲಿರುವ ಆ ಒಂದು ನಿಷಾದವನ್ನೂ ತೆಗೆದುಬಿಡು, ಅಲ್ಲಿ ತನಗೊಂದು ಪದವಿದೆ ಎನ್ನುತ್ತಾನೆ. ನಾನು ಇನ್ನೂ ಒಪ್ಪಿಲ್ಲ.